ಹೆರಾಲ್ಡ್ ವಾರ್ಪ್ ಪಯೊನಿಯರ್ ವಿಲೇಜ್, ಮಿಂಡನ್: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಏನು, ಎಲ್ಲಿದೆ?

ಹಳೆಯ ಕಾಲದ ಕಟ್ಟಡ, ಸಾಮಾನುಗಳನ್ನು ಒಟ್ಟಿಗೆ ಇಟ್ಟು ತೋರಿಸುವ ವಸ್ತುಸಂಗ್ರಹಾಲಯದ ಉದ್ಯಾನ ಇದು. ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ಮಿಂಡನ್ ಎಂಬ ಸಣ್ಣ ಊರಿದೆ. ಅಲ್ಲಿ 6 ಮತ್ತು 34ನೇ ಸಂಖ್ಯೆಯ ಹೆದ್ದಾರಿಗಳ ಪಕ್ಕದ 20 ಎಕರೆ ಜಾಗದಲ್ಲಿ 28 ಕಟ್ಟಡಗಳು, ಅವುಗಳ ತುಂಬ 50,000ಕ್ಕೂ ಹೆಚ್ಚು ಹಳೆಯ ಸಾಮಾನುಗಳು. ನೇಗಿಲು, ಒಲೆ, ದೀಪ, ಹೊಲಿಗೆ ಯಂತ್ರದಿಂದ ಹಿಡಿದು ಸುಮಾರು 350 ಹಳೆಯ ಕಾರು, ಟ್ರ್ಯಾಕ್ಟರು, ವಿಮಾನಗಳವರೆಗೂ ಇವೆ. ಸರ್ಕಾರ ಕಟ್ಟಿದ್ದಲ್ಲ. ಅದೇ ಊರಿನ ಬಳಿ ಹುಟ್ಟಿ, ಷಿಕಾಗೋದಲ್ಲಿ ಪ್ಲಾಸ್ಟಿಕ್ ಹಾಳೆಗಳ ವ್ಯಾಪಾರ ಮಾಡಿ ಗೆದ್ದ ಹೆರಾಲ್ಡ್ ವಾರ್ಪ್ ಸ್ವಂತ ದುಡ್ಡಿನಲ್ಲಿ ಕಟ್ಟಿಸಿ 1953ರಲ್ಲಿ ಜನರಿಗೆ ತೆರೆದರು.

ಇಲ್ಲಿರುವುದು ಯಾರ ಬದುಕಿನ ಸಾಮಾನು?

19ನೇ ಶತಮಾನದ ಎರಡನೇ ಅರ್ಧದಲ್ಲಿ ಹುಲ್ಲುಗಾವಲಿಗೆ ಬಂದು ನೆಲೆಸಿದ ರೈತರದ್ದು, ಅವರ ಮಕ್ಕಳು ಮೊಮ್ಮಕ್ಕಳದ್ದು. 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ 21 ವರ್ಷ ತುಂಬಿದವರು ಅಥವಾ ಮನೆಯ ಯಜಮಾನಿಕೆ ಹೊತ್ತವರು ಒಟ್ಟು 18 ಡಾಲರ್‌ನಷ್ಟು ಶುಲ್ಕ ಕಟ್ಟಿ 160 ಎಕರೆ ಹಿಡಿಯಬಹುದಿತ್ತು. ಐದು ವರ್ಷ ಅಲ್ಲೇ ವಾಸವಿದ್ದು, ಮನೆ ಕಟ್ಟಿ, ಉಳುಮೆ ಮಾಡಿ ತೋರಿಸಿದರೆ ನೆಲ ಅವರದ್ದೇ. ಹೊರದೇಶದಿಂದ ಬಂದವರಿಗೂ, ನಾಗರಿಕರಾಗುತ್ತೇವೆಂದು ಬರೆದುಕೊಟ್ಟರೆ, ಈ ಅವಕಾಶ ಸಿಗುತ್ತಿತ್ತು. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಜರ್ಮನಿಗಳಿಂದ ಜನ ನೆಬ್ರಾಸ್ಕಕ್ಕೆ ಬಂದದ್ದು ಹೀಗೆ. ವಾರ್ಪ್ ಅವರ ತಂದೆ ತಾಯಿಯೂ ನಾರ್ವೆಯವರೇ.

ವಾರ್ಪ್ ಅವರಿಗೆ ಇಷ್ಟೊಂದು ದುಡ್ಡು ಎಲ್ಲಿಂದ ಬಂತು?

ಕೋಳಿಯಿಂದ. 1903ರಲ್ಲಿ ಹುಲ್ಲುಹೆಂಟೆಯ (ಹುಲ್ಲಿನ ಬೇರು ಹೆಣೆದುಕೊಂಡ ಮಣ್ಣಿನ ಗಟ್ಟಿಗಳ) ಮನೆಯಲ್ಲಿ ಹುಟ್ಟಿದ ಅವರು ಹನ್ನೆರಡು ಮಕ್ಕಳಲ್ಲಿ ಕೊನೆಯವರು. ಹನ್ನೆರಡು ವರ್ಷ ತುಂಬುವ ಮೊದಲೇ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರು. ಮುಂದೆ ಕೋಳಿ ಸಾಕುವಾಗ ಅವರಿಗೆ ಕಂಡದ್ದಿಷ್ಟು: ಬಿಸಿಲಲ್ಲಿ ಬಿಟ್ಟ ಮರಿಗಳು ಚೆನ್ನಾಗಿ ಬೆಳೆಯುತ್ತವೆ, ಗಾಜಿನ ಕಿಟಕಿಯ ಗೂಡಿನಲ್ಲಿಟ್ಟವು ಸೊರಗುತ್ತವೆ.

ಕಾರಣ ಸರಳ. ಬೆಳಕು, ಶಾಖ ಎರಡನ್ನೂ ಒಳಗೆ ಬಿಡುವ ಸಾಮಾನ್ಯ ಕಿಟಕಿ ಗಾಜು ಚರ್ಮದಲ್ಲಿ ಡಿ ವಿಟಮಿನ್ ಹುಟ್ಟಿಸುವ ಅತಿನೇರಳೆ ಕಿರಣಗಳನ್ನು ತಡೆದುಬಿಡುತ್ತದೆ. ಡಿ ವಿಟಮಿನ್ ಸಿಗದ ಮರಿಯ ಮೂಳೆ ಗಟ್ಟಿಯಾಗುವುದಿಲ್ಲ, ಕಾಲು ಸೊಟ್ಟಗಾಗುತ್ತದೆ. ನೆಬ್ರಾಸ್ಕದ ಚಳಿಗಾಲದಲ್ಲಿ ಮರಿಗಳನ್ನು ಹೊರಗೆ ಬಿಡುವಂತೆಯೂ ಇಲ್ಲ. ವಾರ್ಪ್ ಬಟ್ಟೆಗೆ ಲೇಪ ಕೊಟ್ಟು, ಆ ಕಿರಣಗಳನ್ನು ಒಳಗೆ ಬಿಡುವ ಅರೆಪಾರದರ್ಶಕ ಹಾಳೆ ತಯಾರಿಸಿದರು. ಅದಕ್ಕೆ ಫ್ಲೆಕ್ಸ್-ಓ-ಗ್ಲಾಸ್ ಎಂದು ಹೆಸರಿಟ್ಟು, 1924ರಲ್ಲಿ ಅಣ್ಣಂದಿರ ಜೊತೆ 800 ಡಾಲರ್ ಹಿಡಿದು ಷಿಕಾಗೋಗೆ ಹೋದರು. ಕತ್ತರಿಯಿಂದ ಕತ್ತರಿಸಿ ಮೊಳೆ ಹೊಡೆದರೆ ಕಿಟಕಿ ಸಿದ್ಧ; ರೈತರಿಗೆ ಹಿಡಿಸಿತು. ಮುಂದೆ ಕಂಪನಿ ಪ್ಲಾಸ್ಟಿಕ್ ಹಾಳೆಗಳ ತಯಾರಿಕೆಗೆ ಇಳಿಯಿತು.

ಉದ್ಯಾನ ಶುರುವಾದದ್ದು ಹೇಗೆ?

1948ರಲ್ಲಿ, ವಾರ್ಪ್ ಓದಿದ ಒಂದೇ ಕೋಣೆಯ ಹಳ್ಳಿ ಶಾಲೆ ಹರಾಜಿಗೆ ಬಂತು. ಅವರು ಅದನ್ನು ಕೊಂಡುಕೊಂಡರು. ಶಾಲೆಯ ನಂತರ ಚರ್ಚು, ರೈಲು ನಿಲ್ದಾಣ, ಮರದ ದಿಮ್ಮಿಯ ಮನೆ, ಕುಲುಮೆ ಒಂದೊಂದಾಗಿ ಬಂದವು. ಜೊತೆಗೆ ವಾಹನ, ಯಂತ್ರ, ಮನೆ ಸಾಮಾನುಗಳನ್ನು ಕೊಳ್ಳತೊಡಗಿದರು. ಕಾಲ ಅದಕ್ಕೆ ಕೂಡಿಬಂದಿತ್ತು. ಯುದ್ಧ ಮುಗಿದು ಹಳ್ಳಿಗಳಿಗೆ ವಿದ್ಯುತ್ ಬರುತ್ತಿತ್ತು, ಕುದುರೆಯ ಜಾಗಕ್ಕೆ ಟ್ರ್ಯಾಕ್ಟರ್ ಬಂದಿತ್ತು, ಸಣ್ಣ ಶಾಲೆಗಳನ್ನು ಒಟ್ಟುಗೂಡಿಸಿ ಮುಚ್ಚುತ್ತಿದ್ದರು. ಹಿಂದಿನ ಪೀಳಿಗೆ ದಿನವೂ ಬಳಸುತ್ತಿದ್ದ ಸಾಮಾನು ಕೊಟ್ಟಿಗೆಯ ಮೂಲೆಗೆ ಬಿದ್ದು ಗುಜರಿಗೆ ಹೋಗುತ್ತಿತ್ತು. ಐದು ಲಾಂದ್ರ ಸಿಕ್ಕರೆ ಐದನ್ನೂ ಕೊಳ್ಳುವಷ್ಟು ಅಗ್ಗ. ಇಪ್ಪತ್ತು ವರ್ಷ ತಡವಾಗಿದ್ದರೆ ಇಷ್ಟು ದೊಡ್ಡ ಸಂಗ್ರಹ ಒಬ್ಬರ ಕೈಯಲ್ಲಿ ಆಗುತ್ತಿರಲಿಲ್ಲ ಎಂಬುದು ನಮ್ಮ ಅಂದಾಜು.

ಸಾಮಾನುಗಳನ್ನು ಯಾವ ಕ್ರಮದಲ್ಲಿ ಇಟ್ಟಿದ್ದಾರೆ?

ಉದ್ಯಾನದ ಗುಟ್ಟು ಇರುವುದು ಇಲ್ಲೇ. ಒಂದು ಬಗೆಯ ಸಾಮಾನನ್ನೆಲ್ಲ ಒಟ್ಟಿಗೆ ತಂದು, ಹಳೆಯದರಿಂದ ಹೊಸದಕ್ಕೆ ಸಾಲಾಗಿ ನಿಲ್ಲಿಸಿದ್ದಾರೆ. ವಾರ್ಪ್ ಹಿಡಿದ ಆರಂಭದ ವರ್ಷ 1830. ತೆರೆದ ಒಲೆ, ಕೊಬ್ಬಿನ ದೀಪ, ಎತ್ತಿನ ಬಂಡಿಗಳ ಕಾಲದಿಂದ ಜೆಟ್ ವಿಮಾನದವರೆಗಿನ ಬದಲಾವಣೆ ಹೆಚ್ಚುಕಡಿಮೆ 120 ವರ್ಷಗಳಲ್ಲಿ ಆಗಿಹೋಯಿತು, ಅದನ್ನು ಕಣ್ಣಾರೆ ಕಾಣಿಸಬೇಕು ಎಂಬುದು ಅವರ ಹಟ.

ಇದು ಚೆನ್ನಾಗಿ ಕಾಣುವುದು ಅಡುಗೆಮನೆಗಳ ಸಾಲಿನಲ್ಲಿ. ಮೊದಲನೆಯದರಲ್ಲಿ ಬೆಂಕಿಯ ಮೇಲೆ ಕೊಕ್ಕೆಗೆ ನೇತುಬಿದ್ದ ಪಾತ್ರೆ. ಮುಂದೆ ಎರಕದ ಕಬ್ಬಿಣದ ಒಲೆ ಬರುತ್ತದೆ; ಹೊಗೆಗೆ ಕೊಳವೆ, ರೊಟ್ಟಿ ಬೇಯಿಸಲು ಬೇರೆ ಗೂಡು, ಪಕ್ಕದಲ್ಲಿ ಬಿಸಿನೀರಿನ ತೊಟ್ಟಿ. ಆಮೇಲೆ ಸೀಮೆಎಣ್ಣೆ, ಐಸ್ ಪೆಟ್ಟಿಗೆ, ಕೊನೆಗೆ ವಿದ್ಯುತ್. ಒಂದು ಮಾತು ನೆನಪಿಡಿ: ನಗರದಲ್ಲಿ ಬೇಗ ಬಂದ ವಿದ್ಯುತ್ ಹಳ್ಳಿಗಾಡಿಗೆ ಬಂದದ್ದು 1935ರಲ್ಲಿ ಗ್ರಾಮೀಣ ವಿದ್ಯುದೀಕರಣ ಆಡಳಿತ ಶುರುವಾದ ಮೇಲೆ. ಹಾಗಾಗಿ ಸಾಲಿನಲ್ಲಿ ಹಿಂದೆ ಮುಂದೆ ಇರುವ ಎರಡು ಅಡುಗೆಮನೆಗಳು ಎಷ್ಟೋ ಕಡೆ ಒಂದೇ ವರ್ಷ ಬಳಕೆಯಲ್ಲಿದ್ದವು, ಒಂದು ಪೇಟೆಯಲ್ಲಿ, ಇನ್ನೊಂದು ಹತ್ತು ಮೈಲಿ ಆಚೆಯ ಹೊಲದಲ್ಲಿ. ಸಾಲು ಇದನ್ನು ಹೇಳುವುದಿಲ್ಲ.

ಯಾವ ಕಟ್ಟಡ ಅಸಲಿ, ಯಾವುದು ಮಾದರಿ?

ಹುಲ್ಲಿನ ಅಂಗಳದ ಸುತ್ತ ಇರುವ ಹಳೆಯ ಕಟ್ಟಡಗಳಲ್ಲಿ ಹಲವು ಬೇರೆಡೆಯಿಂದ ತಂದ ಅಸಲಿಗಳು. ಎಲ್ಮ್ ಕ್ರೀಕ್ ಕೋಟೆ ಎಂದು ಹೆಸರಾದದ್ದು 1869ರ ದಿಮ್ಮಿ ಮನೆ, ಪಕ್ಕದ ವೆಬ್‌ಸ್ಟರ್ ಕೌಂಟಿಯದು. ಲೋವೆಲ್‌ನ ರೈಲು ನಿಲ್ದಾಣ, ಬ್ಲೂಮಿಂಗ್‌ಟನ್‌ನ ಭೂಮಿ ಕಚೇರಿ, ಲುಥೆರನ್ ಚರ್ಚು, ವಾರ್ಪ್ ಓದಿದ ಶಾಲೆ, ಅವರ ಮನೆತನದ ಕುದುರೆ ಲಾಯ ಇವೆಲ್ಲ ಈ ಗುಂಪಿನವು. ಹುಲ್ಲುಹೆಂಟೆಯ ಮನೆ ಇಲ್ಲೇ ಕಟ್ಟಿದ ಮಾದರಿ. ಅಂಥ ಮನೆಯನ್ನು ಎತ್ತಿ ತರಲು ಯಾರಿಂದಲೂ ಆಗದು; ಎತ್ತಿದರೆ ಮಣ್ಣಿನ ರಾಶಿ. ವಾಹನ, ವಿಮಾನ, ಉಪಕರಣಗಳನ್ನು ಇಟ್ಟಿರುವ ದೊಡ್ಡ ಕೊಠಡಿಗಳು ಪ್ರದರ್ಶನಕ್ಕೆಂದೇ ಕಟ್ಟಿದವು.

ಭೂಮಿ ಕಚೇರಿಯನ್ನು ಬೇಗ ದಾಟಿ ಹೋಗಬೇಡಿ. ನೋಡಲು ಏನೂ ಅಲ್ಲದ ಮರದ ಕಟ್ಟಡ. ಆದರೆ ಹೋಮ್‌ಸ್ಟೆಡ್ ಅರ್ಜಿ ಹಿಡಿದು ಜನ ಸಾಲು ನಿಂತದ್ದು ಇಂಥ ಬಾಗಿಲುಗಳ ಮುಂದೆಯೇ.

ಹುಲ್ಲುಹೆಂಟೆಯ ಮನೆ ಕಟ್ಟುತ್ತಿದ್ದುದು ಹೇಗೆ?

ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಮರವೇ ಇಲ್ಲದ ಬಯಲು, ಇಟ್ಟಿಗೆ ಸುಡಲು ಸೌದೆ ಇಲ್ಲ. ಇದ್ದದ್ದು ಹುಲ್ಲಿನ ಬೇರು ಹೆಣೆದುಕೊಂಡ ಮೇಲ್ಮಣ್ಣು.

ಮೊದಲು ನೆಲ ಆರಿಸಬೇಕು. ಬೇರು ದಟ್ಟವಾಗಿ ಹೆಣೆದುಕೊಂಡಿರುವ ಎಮ್ಮೆಹುಲ್ಲು, ಜೌಗಿನ ಹುಲ್ಲು, ದೊಡ್ಡ ಬ್ಲೂಸ್ಟೆಮ್ ಎಂಬ ಹುಲ್ಲು ಬೆಳೆದ ಜಾಗ ಒಳ್ಳೆಯದು. ಮಣ್ಣು ಹದವಾಗಿ ತೇವವಿರಬೇಕು. ಒಣಗಿದ್ದರೆ ಪುಡಿಯಾಗುತ್ತದೆ, ಕೆಸರಾಗಿದ್ದರೆ ಹಿಗ್ಗಿ ಹರಿಯುತ್ತದೆ. ಸಾಮಾನ್ಯ ನೇಗಿಲು ಮಣ್ಣನ್ನು ಮಗುಚಿ ಒಡೆಯುತ್ತದಾದ್ದರಿಂದ, ಒಡೆಯದೆ ಪಟ್ಟಿಯಾಗಿ ಕೊಯ್ದು ಎತ್ತುವ ಬೇರೆ ನೇಗಿಲು ಬಳಸುತ್ತಿದ್ದರು. ಸುಮಾರು 1 ಅಡಿ ಅಗಲ, 4 ಅಂಗುಲ ದಪ್ಪದ ಪಟ್ಟಿ ಏಳುತ್ತಿತ್ತು. ಅದನ್ನು ಚೂಪು ಗುದ್ದಲಿಯಿಂದ 2 ಅಥವಾ 3 ಅಡಿ ಉದ್ದಕ್ಕೆ ಕತ್ತರಿಸಿದರೆ ಒಂದು ಹೆಂಟೆ. ಎರಡು ಅಡಿಯದ್ದೇ 20 ಕೆ.ಜಿ.ಗೂ ಹೆಚ್ಚು ತೂಗುತ್ತದೆ. ಕೊಯ್ದದ್ದನ್ನು ಅದೇ ದಿನ ಗೋಡೆಗೆ ಏರಿಸಬೇಕು. ಬಿಸಿಲಿಗೆ ಬಿಟ್ಟರೆ ಅಂಚು ಮುರಿಯುತ್ತದೆ.

ಹೆಂಟೆಯನ್ನು ಹುಲ್ಲಿನ ಮುಖ ಕೆಳಗೆ ಮಾಡಿ ಇಡುತ್ತಿದ್ದರು. ಎರಡೆರಡು ಸಾಲು ಪಕ್ಕಪಕ್ಕದಲ್ಲಿ, ಸಂದು ಸಂದಿಗೆ ಸೇರದಂತೆ. ಮೂರು ನಾಲ್ಕು ವರಸೆಗೊಮ್ಮೆ ಹೆಂಟೆಗಳನ್ನು ಅಡ್ಡ ಹಾಕಿ ಒಳಸಾಲು ಹೊರಸಾಲುಗಳನ್ನು ಬಿಗಿಯುತ್ತಿದ್ದರು. ಸಂದಿಗೆ ಪುಡಿಮಣ್ಣು ತುಂಬಿ, ಗೋಡೆಯ ಮುಖವನ್ನು ಗುದ್ದಲಿಯಿಂದ ಕೆತ್ತಿ ನೇರ ಮಾಡುತ್ತಿದ್ದರು.

ಲೆಕ್ಕ ಹಾಕಿ ನೋಡಿ. ಹೊರ ಅಳತೆ 16 ಅಡಿಗೆ 20 ಅಡಿ, ಗೋಡೆ 2 ಅಡಿ ದಪ್ಪ, 7 ಅಡಿ ಎತ್ತರ ಎಂದರೆ ಸುಮಾರು 900ದಿಂದ 1,000 ಘನ ಅಡಿ ಗೋಡೆ. ಎರಡಡಿಯ ಹೆಂಟೆ 1,400ರಷ್ಟು ಬೇಕು. ತೂಕ 30 ಟನ್ ಆಸುಪಾಸು, ಕೊಯ್ಯಬೇಕಾದ ನೆಲ ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಎರಡಲ್ಲ, ಮೂರಡಿ ದಪ್ಪದ ಗೋಡೆ ಎಬ್ಬಿಸಿದವರೂ ಇದ್ದರು.

ಕಿಟಕಿಯಲ್ಲೇ ಹೊಸಬರು ಎಡವುತ್ತಿದ್ದುದು. ಹೆಂಟೆ ಒಣಗಿದಂತೆ, ಮೇಲಿನ ಭಾರಕ್ಕೆ ಗೋಡೆ ತಿಂಗಳುಗಟ್ಟಲೆ ಕುಸಿಯುತ್ತ ಹೋಗುತ್ತದೆ. ಚೌಕಟ್ಟಿನ ತಲೆಗೆ ತಾಗುವಂತೆ ಗೋಡೆ ಕಟ್ಟಿದರೆ ಆ ಭಾರವೆಲ್ಲ ಚೌಕಟ್ಟಿನ ಮೇಲೆ ಬಿದ್ದು ಗಾಜು ಸಿಡಿಯುತ್ತದೆ. ದುಡ್ಡು ಕೊಟ್ಟು ತಂದದ್ದು ಅದೊಂದೇ. ಅದಕ್ಕೆ ಚೌಕಟ್ಟಿನ ಮೇಲೆ ಕೆಲವು ಅಂಗುಲ ಸಂದಿ ಬಿಟ್ಟು, ಅಡ್ಡಲಾಗಿ ಗಟ್ಟಿ ಹಲಗೆ ಅಥವಾ ತೊಲೆ ಹಾಸಿ, ಸಂದಿಗೆ ಚಿಂದಿ ಬಟ್ಟೆಯನ್ನೋ ಹುಲ್ಲನ್ನೋ ತುರುಕುತ್ತಿದ್ದರು. ಗೋಡೆ ಇಳಿದಂತೆ ಸಂದಿ ಕಿರಿದಾಗುತ್ತಿತ್ತು, ಗಾಜು ಉಳಿಯುತ್ತಿತ್ತು.

ಚಾವಣಿಗೆ ನಡುತೊಲೆ, ಅದರ ಮೇಲೆ ಜಂತಿ, ವಿಲೋ ಕಡ್ಡಿ, ಒಣಹುಲ್ಲು, ಎಲ್ಲದರ ಮೇಲೆ ಮತ್ತೆ ಹೆಂಟೆ. ಮಳೆಗೆ ನೆಂದರೆ ಇದರ ಭಾರ ಬಹಳ ಏರುತ್ತದೆ. ತೊಲೆ ತೆಳ್ಳಗಿದ್ದರೆ ಇಡೀ ಚಾವಣಿ ಒಳಗೆ ಕುಸಿಯುವುದೂ ಇತ್ತು.

ಒಳಗೆ ವಾಸ ಹೇಗಿರುತ್ತಿತ್ತು?

ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ, ಕಾಡುಕಿಚ್ಚಿಗೆ ಹೆದರಬೇಕಿಲ್ಲ. ಉಳಿದದ್ದೆಲ್ಲ ಕಷ್ಟ. ಹೊರಗೆ ಮಳೆ ನಿಂತ ಮೇಲೂ ಒಳಗೆ ಎರಡು ಮೂರು ದಿನ ತೊಟ್ಟಿಕ್ಕುತ್ತಿತ್ತು. ಒಣಗಿದಾಗ ಮಣ್ಣು ಉದುರುತ್ತಿತ್ತು; ಒಲೆಯ ಮೇಲಿನ ಪಾತ್ರೆಗೆ ಬೀಳದಿರಲೆಂದು ಚಾವಣಿಯ ಕೆಳಗೆ ಮಸ್ಲಿನ್ ಬಟ್ಟೆ ಬಿಗಿದು ಕಟ್ಟುತ್ತಿದ್ದರು. ಇಲಿ, ಚಿಗಟ, ಆಗೊಮ್ಮೆ ಈಗೊಮ್ಮೆ ಹಾವು. ಗೋಡೆಯ ಒಳಮುಖಕ್ಕೆ ಜೇಡಿಮಣ್ಣು, ಬೂದಿ ಕಲಸಿ ಗಿಲಾಯಿ ಮಾಡಿದವರ ಮನೆ ಸ್ವಲ್ಪ ವಾಸಿ. ಉರುವಲಿಗೆ ಬೆರಣಿ, ಹೊಸೆದ ಒಣಹುಲ್ಲು, ಜೋಳದ ದಿಂಡು. ರಿಪೇರಿ ಮಾಡದಿದ್ದರೆ ಆರೇಳು ವರ್ಷಕ್ಕೆ ಮನೆ ಮುಗಿಯಿತು. ಹೋಮ್‌ಸ್ಟೆಡ್ ಪತ್ರ ಕೈಗೆ ಬರಲು ಐದು ವರ್ಷ ಬೇಕಿತ್ತಲ್ಲ, ಅಲ್ಲಿಯವರೆಗೆ ಸಾಕಾಗುತ್ತಿತ್ತು.

ಇಡೀ ಕಟ್ಟಡಗಳನ್ನು ಸಾಗಿಸುವುದು ಹೇಗೆ?

ದಿಮ್ಮಿ ಮನೆಯಾದರೆ ಬಿಚ್ಚಿ ತರುತ್ತಾರೆ. ಪ್ರತಿ ದಿಮ್ಮಿಗೂ ಗೋಡೆ ಯಾವುದು, ವರಸೆ ಎಷ್ಟನೆಯದು ಎಂಬ ಗುರುತು ಹಾಕಿ, ಫೋಟೊ ತೆಗೆದು, ಮೇಲಿನಿಂದ ಒಂದೊಂದಾಗಿ ಇಳಿಸಬೇಕು. ಗುರುತನ್ನು ಸೀಮೆಸುಣ್ಣದಲ್ಲಿ ಬರೆದರೆ ಒಂದು ಮಳೆಗೆ ಅಳಿಸಿಹೋಗುತ್ತದೆ. ಲೋಹದ ಬಿಲ್ಲೆ ಹೊಡೆಯುವುದೇ ಸರಿ. ನೆಲಕ್ಕೆ ತಾಗಿದ ಕೆಳದಿಮ್ಮಿ ಕೊಳೆತಿರುವುದು ಮಾಮೂಲು, ಅದನ್ನು ಬದಲಿಸದೆ ವಿಧಿಯಿಲ್ಲ.

ಹಲಗೆ ಹೊಡೆದ ಚೌಕಟ್ಟಿನ ಶಾಲೆ, ಚರ್ಚುಗಳನ್ನು ಇಡಿಯಾಗಿಯೇ ಎತ್ತಬಹುದು. ಮೊದಲು ಇಟ್ಟಿಗೆಯ ಹೊಗೆಗೂಡು ಇಳಿಸಿ, ಕಿಟಕಿ ಬಾಗಿಲುಗಳಿಗೆ ಒಳಗಿನಿಂದ ಅಡ್ಡಪಟ್ಟಿ ಬಿಗಿಯಬೇಕು. ಅಡಿಪಟ್ಟಿಯ ಕೆಳಗೆ ಉದ್ದ ತೊಲೆಗಳನ್ನು ತೂರಿಸಿ, ನಾಲ್ಕೂ ಮೂಲೆಯ ಜಾಕ್‌ಗಳನ್ನು ಒಂದೇ ಸಮ ತಿರುಗಿಸಬೇಕು. ಒಂದು ಮೂಲೆ ಮುಂದೆ ಹೋದರೆ ಚೌಕಟ್ಟು ತಿರುಚಿ ಗಿಲಾಯಿ ಸೀಳುತ್ತದೆ, ಬಾಗಿಲು ಮತ್ತೆಂದೂ ಸರಿಯಾಗಿ ಮುಚ್ಚುವುದಿಲ್ಲ. ಆಮೇಲೆ ಗಾಲಿ ಚೌಕಟ್ಟಿನ ಮೇಲೆ ಕೂರಿಸಿ ನಿಧಾನಕ್ಕೆ ಎಳೆಯುವುದು. ದಾರಿಯ ಸೇತುವೆ, ವಿದ್ಯುತ್ ತಂತಿಗಳ ಅಳತೆಯನ್ನು ಮೊದಲೇ ತೆಗೆದಿರಬೇಕು. ಹೊಸ ಜಾಗದಲ್ಲಿ ಪಾಯ ಮಟ್ಟವಾಗಿರದಿದ್ದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ.

ಒಂದು ನಷ್ಟವಂತೂ ತಪ್ಪದು. ಹುಟ್ಟಿದ ಜಾಗದಿಂದ ಕದಲಿಸಿದ ಕಟ್ಟಡಕ್ಕೆ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಜಾಗ ಸಿಗುವುದಿಲ್ಲ. ಆದರೆ ಸಾಗಿಸದಿದ್ದರೆ ಇವುಗಳಲ್ಲಿ ಹೆಚ್ಚಿನವು ಸೌದೆಯಾಗಿರುತ್ತಿದ್ದವು. ವಾರ್ಪ್ ಮಾಡಿದ್ದು ಸರಿ ಎಂದೇ ನಮಗೆ ಅನ್ನಿಸುತ್ತದೆ.

ರೈತರ ಉದ್ಯಾನದಲ್ಲಿ ಜೆಟ್ ವಿಮಾನ ಯಾಕೆ?

ಸಾಲನ್ನು ಮುಗಿಸಲು. ಇಲ್ಲಿರುವ ಬೆಲ್ ಪಿ-59 ಅಮೆರಿಕದ ಮೊದಲ ಜೆಟ್ ವಿಮಾನದ ಬಗೆಯದು. ಆ ಬಗೆಯ ವಿಮಾನ ಮೊದಲು ಹಾರಿದ್ದು 1942ರ ಅಕ್ಟೋಬರ್‌ನಲ್ಲಿ, ತಯಾರಾದದ್ದು ಕೆಲವೇ ಡಜನ್, ಉಳಿದಿರುವುದು ಇನ್ನೂ ಕಡಿಮೆ. ಯುದ್ಧಕ್ಕೆ ಸಾಲದಷ್ಟು ನಿಧಾನವಾಗಿತ್ತಾದ್ದರಿಂದ ತರಬೇತಿಗೆ ಬಳಸಿ ಬದಿಗಿಟ್ಟರು. ವಿಮಾನಪ್ರಿಯರು ಮಿಂಡನ್‌ಗೆ ಬರುವುದೇ ಇದಕ್ಕಾಗಿ. ಮೊದಲ ಮಹಾಯುದ್ಧದ ಕಾಲದ ತರಬೇತಿ ವಿಮಾನ ಕರ್ಟಿಸ್ ಜೆನ್ನಿಯೂ ಇದೆ.

ಖಾಸಗಿಯಾಗಿ ಕಟ್ಟಿದ್ದರಿಂದ ಆದ ಲಾಭ, ತೊಂದರೆ?

ಲಾಭ ಎಂದರೆ ವೇಗ. ಸಮಿತಿ, ಅನುದಾನ, ಟೆಂಡರ್ ಯಾವುದೂ ಇಲ್ಲ, ಬೇಕೆನಿಸಿದ್ದನ್ನು ಕೊಂಡದ್ದಾಯಿತು. ತೊಂದರೆ ಕಾಣಿಸಿಕೊಳ್ಳುವುದು ದಶಕಗಳ ಮೇಲೆ. ಕೊಳ್ಳುವುದು ಒಮ್ಮೆ, ಕಾಯುವುದು ನಿತ್ಯ.

ಚಾವಣಿಯನ್ನೇ ತೆಗೆದುಕೊಳ್ಳಿ. ಒಟ್ಟೊಟ್ಟಿಗೆ ಕಟ್ಟಿದ ಕಟ್ಟಡಗಳ ಚಾವಣಿ ಒಟ್ಟೊಟ್ಟಿಗೇ ಮುದಿಯಾಗುತ್ತದೆ. ಲೋಹದ ತಗಡು ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುತ್ತ ಮೊಳೆಯನ್ನು ಸಡಿಲಿಸುತ್ತದೆ, ನೀರು ಒಳಬರುವುದು ಆ ಮೊಳೆತೂತಿನಿಂದ. ನೆಬ್ರಾಸ್ಕದ ಆಲಿಕಲ್ಲು ಬೇರೆ. ಒಳಗೆ ತೇವ ಸೇರಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಜೀನು ಲಗಾಮುಗಳ ಚರ್ಮಕ್ಕೆ ಬೂಷ್ಟು ಬರುತ್ತದೆ. ಹೀಟರ್ ಹಾಕಿ ತೀರಾ ಒಣಗಿಸಿದರೆ ಮರದ ಸಾಮಾನಿನ ಅಂಟು ಬಿಡುತ್ತದೆ.

ಕಾರುಗಳದ್ದು ಇನ್ನೊಂದು ಪಾಡು. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ವರ್ಷ ಕಳೆದಂತೆ ಅಂಟಾಗಿ ಕಾರ್ಬ್ಯುರೇಟರ್ ಮುಚ್ಚಿಬಿಡುತ್ತದೆ. ನಿಂತಲ್ಲೇ ನಿಂತ ಟೈರು ಚಪ್ಪಟೆಯಾಗಿ ಬಿರಿಯುತ್ತದೆ. ಸೀಟಿನೊಳಗಿನ ಕುದುರೆ ಕೂದಲಿನಲ್ಲಿ ಇಲಿ ಮರಿ ಹಾಕುತ್ತದೆ. ಪೆಟ್ರೋಲು ತೆಗೆದು, ಅಚ್ಚಿನ ಕೆಳಗೆ ಆಸರೆ ಕೊಟ್ಟು ಚಕ್ರವನ್ನು ನೆಲದಿಂದ ಬಿಡಿಸಿಡಬೇಕು. ಒಂದು ಕಾರಿಗೆ ಅರ್ಧ ದಿನದ ಕೆಲಸ. 350 ಕಾರಿಗೆ ಎಷ್ಟಾಯಿತು?

ಇನ್ನೊಂದು ಪೆಟ್ಟು ಬಿದ್ದದ್ದು ರಸ್ತೆಯಿಂದ. 1953ರಲ್ಲಿ 6ನೇ ಹೆದ್ದಾರಿ ಡೆನ್ವರ್ ಕಡೆಗಿನ ಮುಖ್ಯ ದಾರಿಗಳಲ್ಲೊಂದು. ದೂರ ಹೋಗುವವರೆಲ್ಲ ಗೇಟಿನ ಮುಂದೆಯೇ ಹಾದುಹೋಗುತ್ತಿದ್ದರು. ನೆಬ್ರಾಸ್ಕದಲ್ಲಿ ಐ-80 ಹೆದ್ದಾರಿ 1974ರಲ್ಲಿ ಪೂರ್ಣಗೊಂಡಾಗ ಆ ಓಡಾಟ ಹನ್ನೆರಡು ಮೈಲಿಯಷ್ಟು ಉತ್ತರಕ್ಕೆ ಸರಿಯಿತು. ದಾರಿಯಲ್ಲಿ ಸಿಕ್ಕಿತೆಂದು ಇಳಿಯುತ್ತಿದ್ದವರು ಹೋಗಿ, ಹುಡುಕಿಕೊಂಡು ಬರುವವರಷ್ಟೇ ಉಳಿದರು.

ವಾರ್ಪ್ ನಂತರ ಏನಾಯಿತು?

1983ರಲ್ಲೇ ಅವರು ಉದ್ಯಾನವನ್ನು ಲಾಭಕ್ಕಲ್ಲದ ಪ್ರತಿಷ್ಠಾನಕ್ಕೆ ಒಪ್ಪಿಸಿದ್ದರು. 1994ರಲ್ಲಿ ತೀರಿಕೊಂಡರು.

ಈ ನೆಲದ ಮೂಲನಿವಾಸಿಗಳ ಕಥೆ ಇಲ್ಲಿ ಸಿಗುತ್ತದೆಯೇ?

ಸಾಲುವಷ್ಟು ಇಲ್ಲ. ಪ್ಲಾಟ್ ನದಿಯ ದಕ್ಷಿಣದ ಈ ನೆಲವನ್ನು ಪಾನಿ ಜನ 1833ರ ಒಪ್ಪಂದದಲ್ಲಿ ಬಿಟ್ಟುಕೊಡಬೇಕಾಯಿತು; 1870ರ ದಶಕದ ನಡುವಿನಲ್ಲಿ ಇಡೀ ಸಮುದಾಯವೇ ಇಂದಿನ ಓಕ್ಲಹೋಮಕ್ಕೆ ಹೋಯಿತು. ದಿಮ್ಮಿ ಮನೆಗೆ ‘ಕೋಟೆ’ ಎಂಬ ಹೆಸರು ಬಂದದ್ದು ನೆಲೆಸಲು ಬಂದವರ ಭಯದಿಂದ. ಎದುರಿಗಿದ್ದವರು ಏನು ಕಳೆದುಕೊಂಡರು ಎಂಬುದು 1830ರಿಂದ ಶುರುವಾಗುವ ಪ್ರಗತಿಯ ಸಾಲಿನಲ್ಲಿ ಕೂರುವುದಿಲ್ಲ. ಇದನ್ನು ತಿಳಿದುಕೊಂಡೇ ಒಳಗೆ ಹೋಗಿ.

ಹೋಗುವುದು ಹೇಗೆ? ಎಷ್ಟು ಹೊತ್ತು ಬೇಕು?

ಐ-80ರಲ್ಲಿ 279ನೇ ನಿರ್ಗಮನದಲ್ಲಿ ಇಳಿದು, 10ನೇ ರಾಜ್ಯ ಹೆದ್ದಾರಿಯಲ್ಲಿ ದಕ್ಷಿಣಕ್ಕೆ. ಡೆನ್ವರ್ ಕಡೆಯಿಂದ ಬರುವವರು ಗಡಿಯಾರ ನೋಡಿಕೊಳ್ಳಿ: ದಾರಿಯಲ್ಲಿ ಕಾಲವಲಯ ಬದಲಾಗಿ ಒಂದು ಗಂಟೆ ಕಳೆದುಹೋಗುತ್ತದೆ, ಮುಚ್ಚುವ ಹೊತ್ತಿಗೆ ಬಂದು ನಿಲ್ಲುತ್ತೀರಿ. ತೆರೆಯುವ ದಿನ, ಸಮಯ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಹೊರಡುವ ಮೊದಲು ಫೋನ್ ಮಾಡಿ.

ಎಲ್ಲವನ್ನೂ ನೋಡಲು ನಡೆಯಬೇಕಾದದ್ದು ಒಂದು ಮೈಲಿಗೂ ಕಡಿಮೆ. ಸಮಯ ಹಿಡಿಯುವುದು ನಿಂತು ನೋಡಲು. ನಾಲ್ಕೈದು ಗಂಟೆ ಇಟ್ಟುಕೊಳ್ಳಿ. ಒಂದೇ ಗಂಟೆ ಇದ್ದರೆ ಮುಖ್ಯ ಕಟ್ಟಡ, ಹುಲ್ಲುಹೆಂಟೆಯ ಮನೆ, ಅಡುಗೆಮನೆಗಳು, ಇಷ್ಟೇ ಸಾಕು. ಕಾರುಗಳಿಂದ ಶುರು ಮಾಡಿದರೆ ಅಲ್ಲೇ ಗಂಟೆ ಮುಗಿಯುತ್ತದೆ. ಜುಲೈ ಮಧ್ಯಾಹ್ನ ತಗಡಿನ ಕೊಠಡಿಗಳು ಕಾದಿರುತ್ತವೆ, ಬೆಳಗ್ಗೆಯೇ ಹೋಗುವುದು ವಾಸಿ.

ಮಕ್ಕಳಿಗೆ ಬೇಸರವಾಗುವುದಿಲ್ಲವೇ?

ಬರೀ ಸಾಲು ನೋಡಿಸಿದರೆ ಆಗುತ್ತದೆ. ಹಳೆಯ ಮೆರ್ರಿ-ಗೋ-ರೌಂಡ್ ಇದೆ, ಶಾಲೆಯ ಬೆಂಚುಗಳಿವೆ. ಒಂದೇ ಸಾಮಾನನ್ನು, ಉದಾಹರಣೆಗೆ ಬಟ್ಟೆ ಒಗೆಯುವ ಯಂತ್ರವನ್ನು, ಮೊದಲಿನಿಂದ ಕೊನೆಯವರೆಗೆ ಹುಡುಕಿಕೊಂಡು ಬರಲು ಹೇಳಿ.

ಹತ್ತಿರದಲ್ಲಿ ಇದಕ್ಕೆ ಜೋಡಿಸಿ ನೋಡುವಂಥದ್ದು ಏನಿದೆ?

ಪಶ್ಚಿಮಕ್ಕೆ ವಲಸೆ ಹೊರಟು ಓರೆಗನ್ ದಾರಿ ಹಿಡಿದವರ ಕಾವಲಿಗೆಂದು 1848ರಲ್ಲಿ ಕಟ್ಟಿದ ಫೋರ್ಟ್ ಕಾರ್ನಿಯ ಜಾಗ ಇಲ್ಲಿಂದ ಹತ್ತಿರ. ಗ್ರ್ಯಾಂಡ್ ಐಲೆಂಡ್‌ನಲ್ಲಿ ಸ್ಟುಯರ್ ವಸ್ತುಸಂಗ್ರಹಾಲಯವಿದೆ. ಅಲ್ಲಿ ರೈಲ್ವೆ ಕಾಲದ ಇಡೀ ಊರನ್ನೇ ಜೋಡಿಸಿದ್ದಾರೆ. ಪೂರ್ವಕ್ಕೆ ಹೋಗುವವರು ಬಿಯಾಟ್ರಿಸ್ ಬಳಿಯ ಹೋಮ್‌ಸ್ಟೆಡ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನಕ್ಕೆ ಇಳಿಯಬಹುದು. 1863ರ ಜನವರಿ 1ರಂದು, ಕಾಯ್ದೆ ಜಾರಿಗೆ ಬಂದ ದಿನವೇ ಅರ್ಜಿ ಹಾಕಿದ ಡೇನಿಯಲ್ ಫ್ರೀಮನ್ ಅವರ ಹೊಲ ಅದು. ಕಾಯ್ದೆಯ ಇತಿಹಾಸ ಅಲ್ಲಿ ಮಿಂಡನ್‌ಗಿಂತ ವಿವರವಾಗಿ ಸಿಗುತ್ತದೆ. ಮಾರ್ಚ್‌ನಲ್ಲಿ ಬಂದರೆ ಪ್ಲಾಟ್ ನದಿಯಲ್ಲಿ ಲಕ್ಷಗಟ್ಟಲೆ ಸ್ಯಾಂಡ್‌ಹಿಲ್ ಕೊಕ್ಕರೆಗಳು ಇಳಿದಿರುತ್ತವೆ. ಆ ವಾರಗಳಲ್ಲಿ ಕಾರ್ನಿ ಊರಿನಲ್ಲಿ ಕೋಣೆ ಸಿಗುವುದು ಕಷ್ಟ, ಮುಂಚೆಯೇ ಕಾಯ್ದಿರಿಸಿ.